ಮೂರನೆಯ ಪೆಡಲು

ಹುಬ್ಬಳ್ಳಿ
2119, ಫೆಬ್ರುವರಿ 30

ಹುಬ್ಬಳ್ಳಿಯ ಹಳೆಗಾಡಿ ಪ್ರಿಯರ ಬಳಗದ ಅಧ್ಯಕ್ಷ ಪ್ರಭುದೇವ ಇಟಗಿಯವರಿಗೆ, ಕಾರ್ಯದರ್ಶಿ ದೊಡ್ಡಬಸಪ್ಪ ಗಾಣಿಗೇರರಿಗೆ, ಮತ್ತು ಅಂದು ಚಪ್ಪಾಳೆ ತಟ್ಟಿದ ಎಲ್ಲರಿಗೆ.

2024ರ ದೀಪಾವಳಿ ಮುಗಿದ ಮರುವಾರ, ರವಿವಾರ ಬೆಳಿಗ್ಗೆ, ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ, ತುಂಬಿದ ಜನರೆದುರು ಮೈಕು ಹಿಡಿದು ನೀವು ನನ್ನ ಮುತ್ತಜ್ಜಿಯನ್ನು ಮೋಸಗಾತಿ ಎಂದಿರಿ. ಹಲ್ಲಿನ ಡಾಕ್ಟರ್ ನೀಲಾಂಬಿಕಾ ಬಳಿಗಾರ ತನ್ನ ಕಾರಿನ ಮೀಟರನ್ನು ಹಿಂದಕ್ಕೆ ತಿರುಗಿಸಿ, ಲಕ್ಷಗಟ್ಟಲೆ ಓಡಿದ ಗಾಡಿಯನ್ನು ಓಡದ ಗಾಡಿಯೆಂದು ತೋರಿಸಿದ್ದಾಳೆ ಎಂದಿರಿ. ಅದು ಸುಳ್ಳು. ಅದು ಸುಳ್ಳೆಂದು ನಿಮ್ಮಲ್ಲಿ ಒಬ್ಬರಿಗೆ ಅಂದೇ ಗೊತ್ತಿತ್ತು. ಆ ಸುಳ್ಳನ್ನು ನಮ್ಮ ಮನೆ ತೊಂಬತ್ತೈದು ವರ್ಷಗಳಿಂದ ಮರೆತಿಲ್ಲ. ನಾನು ಇರಾವತಿ, ಆಕೆಯ ಮಗಳ ಮೊಮ್ಮಗಳು. ಮರೆಯುವ ಉದ್ದೇಶ ನನಗೂ ಇಲ್ಲ.

ಫೆಬ್ರುವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತೆಂದು ನೀವು ಕೇಳಬಹುದು. ನನ್ನ ಅಮ್ಮನ ಕಾಲದಲ್ಲಿ ಕ್ಯಾಲೆಂಡರನ್ನು ತಿದ್ದಿದರು. ದಿನ ಹೆಚ್ಚಿದ್ದ ತಿಂಗಳುಗಳಿಂದ ಒಂದೊಂದನ್ನು ಕಿತ್ತು, ಕಡಿಮೆಯಿದ್ದ ಈ ಬಡ ತಿಂಗಳಿಗೆ ಕೊಟ್ಟರು. ನನ್ನ ಮಾತುಗಳಲ್ಲಿ ಇನ್ನೂ ಕೆಲವು ನಿಮಗೆ ವಿಚಿತ್ರ ಎನಿಸಿದರೆ ಮನ್ನಿಸಿ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ.

ಈ ಅಕ್ಷರಗಳು ಬರುವ ದಾರಿಗೆ ನಾವು ಹಿಂದಂಚೆ ಎನ್ನುತ್ತೇವೆ. ಅದರಲ್ಲಿ ಕಾಗದ ಬರುವುದಿಲ್ಲ, ಬರಹ ಮಾತ್ರ ಬರುತ್ತದೆ. ನಿಮ್ಮ ಕಾಲದ ಯಾವುದೋ ಮುದ್ರಣದಲ್ಲಿ, ಮಸಿ ಇನ್ನೂ ಹಸಿಯಿರುವ ಹಾಳೆಯ ಮೇಲೆ ಅದು ಮೂಡುತ್ತದೆ. ಯಾರ ಕೈಗೆ ಸಿಗುವುದೋ ಹೇಳಲಾಗದು. ಇದನ್ನು ಓದುತ್ತಿರುವವರು ಬಳಗದವರಲ್ಲದಿದ್ದರೆ ದಯವಿಟ್ಟು ಅವರಿಗೆ ಮುಟ್ಟಿಸಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಹಿಂದಂಚೆಯ ಹಕ್ಕಿದೆ. ನಮ್ಮ ಓಣಿಯಲ್ಲಿ ಬಹಳ ಜನ ಅದನ್ನು ತೀರಿಹೋದ ತಾಯಿಗೆ ಒಂದು ಮಾತು ಹೇಳಲು ಬಳಸಿದರು. ಎದುರು ಮನೆಯ ಮುದುಕರು ತಮ್ಮದೇ ಹರೆಯಕ್ಕೆ ಬರೆದು, ತಂಬಾಕು ಬಿಡು ಎಂದು ಬೇಡಿಕೊಂಡರು. ನಾನು ಇಷ್ಟು ವರ್ಷ ಕಾಯ್ದಿಟ್ಟ ಹಕ್ಕನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ. ನಡೆದುಹೋದದ್ದನ್ನು ಹಿಂದಂಚೆ ಅಳಿಸಲಾರದು, ಆದರೆ ನಡೆಯದೆ ಉಳಿದದ್ದನ್ನು ನಡೆಸಬಲ್ಲದು. ನನಗೆ ಬೇಕಾದದ್ದೂ ಅಷ್ಟೇ.

ನಮ್ಮ ಹುಬ್ಬಳ್ಳಿಯನ್ನು ನೀವು ಗುರುತಿಸಲಾರಿರಿ. ಬೇಸಿಗೆಯಲ್ಲಿ ಹೊತ್ತು ನೆತ್ತಿಗೇರುವ ಮುಂಚೆಯೇ ಉರಿಬಿಡುವು ಶುರುವಾಗುತ್ತದೆ, ಅಂದರೆ ಸಂಜೆಯವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಊರಿನ ಓಡಾಟವೆಲ್ಲ ಸಾಲುಬಂಡಿಯಲ್ಲಿ. ಇರುವೆಗಳಂತೆ ಒಂದರ ಹಿಂದೆ ಒಂದು ಸದ್ದಿಲ್ಲದೆ ಹೋಗುವ ಆ ಸಣ್ಣ ಡಬ್ಬಿಗಳಿಗೆ ಒಡೆಯರೂ ಇಲ್ಲ, ನಡೆಸುವವರೂ ಇಲ್ಲ. ಸ್ಟೇರಿಂಗ್ ಎಂಬುದನ್ನು ಮಕ್ಕಳು ಚಿತ್ರದಲ್ಲಿ ನೋಡಿ, ಇಷ್ಟು ದೊಡ್ಡ ಬಳೆ ಯಾರದು ಎಂದು ಕೇಳುತ್ತಾರೆ. ಪೆಟ್ರೋಲು ನೆಲದಿಂದ ಬರುವುದು ನಿಂತು ಬಹಳ ಕಾಲವಾಯಿತು. ಹುಲ್ಲಿನಿಂದ ಬಟ್ಟಿ ಇಳಿಸಿದ ಮರುಪೆಟ್ರೋಲು ಔಷಧದಂಗಡಿಯಲ್ಲಿ, ಕೆಮ್ಮಿನ ಬಾಟಲಿಗಳ ಪಕ್ಕದಲ್ಲಿ, ಸೀಲು ಮಾಡಿದ ಸೀಸೆಯಲ್ಲಿ ಸಿಗುತ್ತದೆ. ರಬ್ಬರಿನ ವಾಷರು ಬೇಕಾದರೆ ಮನೆಯ ಅಚ್ಚುಗೂಡಿನಲ್ಲಿ, ಅಂದರೆ ಬೇಕಾದ ವಸ್ತುವನ್ನು ಪದರಪದರವಾಗಿ ಎರೆದು ಕೊಡುವ ಪೆಟ್ಟಿಗೆಯಲ್ಲಿ, ನಾವೇ ಮಾಡಿಕೊಳ್ಳಬೇಕು. ಬದಲಾಗದೆ ಉಳಿದದ್ದೆಂದರೆ ಬೆಳಗಿನ ರೊಟ್ಟಿ ಬಡಿಯುವ ಸದ್ದು, ಮತ್ತು ನಮ್ಮ ಮನೆಯ ಶೆಡ್ಡಿನಿಂದ ಬರುವ ಇನ್ನೊಂದು ಸದ್ದು. ಅದರ ವಿಷಯ ಮುಂದೆ ಹೇಳುತ್ತೇನೆ. ಗಾಣಿಗೇರರೇ, ಆ ಸದ್ದು ನಿಮಗೆ ಗೊತ್ತು.

ಶೆಡ್ಡಿನಲ್ಲಿರುವುದು ಅದೇ ಕಾರು. 1991ರಲ್ಲಿ ಜಪಾನಿನಲ್ಲಿ ತಯಾರಾದದ್ದು, ಎರಡೇ ಸೀಟು, ಮೇಲಿನ ಮುಚ್ಚಳ ಹಿಂದಕ್ಕೆ ಮಡಚುತ್ತದೆ, ಬಣ್ಣ ಬದನೆಕಾಯಿಯದು. ಮುತ್ತಜ್ಜಿಯ ಸೋದರಮಾವ ಅದನ್ನು ಮಸ್ಕತ್ತಿನಿಂದ ಹಡಗಿನಲ್ಲಿ ತರಿಸಿ, ಎರಡು ವರ್ಷ ಓಡಿಸಿ, ತೀರಿಕೊಂಡರು. ಆಮೇಲೆ ಅದು ಗೋವಾದ ಒಂದು ಗೋದಾಮಿನಲ್ಲಿ ಸುಮಾರು ಇಪ್ಪತ್ತು ವರ್ಷ ನಿಂತಿತ್ತು. ಯಾರಿಗೂ ಬೇಡವಾದ ಅದನ್ನು ಮುತ್ತಜ್ಜಿ ಮನೆಗೆ ತಂದಳು. ಓಣಿಯವರು ಅದನ್ನು ಡಾಕ್ಟರಮ್ಮನ ಬದನಿಕಾಯಿ ಎನ್ನುತ್ತಿದ್ದರು. ಅವಳಿಗೂ ಆ ಹೆಸರು ಹಿಡಿಸಿತ್ತು.

ಓಡದ ಗಾಡಿ ಕೆಡುವುದಿಲ್ಲ ಎಂಬುದು ನಿಮ್ಮ ಕಾಲದ ನಂಬಿಕೆ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಸಾಯುತ್ತದೆ ಎಂಬುದನ್ನು ಮುತ್ತಜ್ಜಿ ಗೋದಾಮಿನಿಂದ ಬಂದ ದಿನವೇ ಕಂಡಳು. ಟ್ಯಾಂಕಿನೊಳಗೆ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಿತ್ತು, ಗಾಳಿ ಸೋಸುವ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿತ್ತು, ಟೈರುಗಳು ನಿಂತ ಕಡೆ ಚಪ್ಪಟೆಯಾಗಿ ಬಿರಿದಿದ್ದವು. ಒಂದೊಂದನ್ನೂ ಅವಳೇ ಸರಿಮಾಡಿದಳು. ಹಲ್ಲು ನೋಡುವ ಸಣ್ಣ ಕನ್ನಡಿಯನ್ನು ಎಂಜಿನ್ನಿನ ಸಂದಿಗೆ ಇಳಿಸಿ, ಯಾವ ಪೈಪು ಬಿರಿದಿದೆ ಎಂದು ನೋಡುತ್ತಿದ್ದಳು. ಮೀಟರು ಏನೇ ಹೇಳಲಿ, ಅವಳು ಗಾಡಿಯ ವಯಸ್ಸನ್ನು ನೋಡಿ ಸಾಮಾನು ಬದಲಿಸುತ್ತಿದ್ದಳು. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿದು ನೀರಾಗುತ್ತದೆಂದು ವರ್ಷ ಬಿಟ್ಟು ವರ್ಷ ಹೊಸದು ತುಂಬಿದಳು. ಟೈಮಿಂಗ್ ಬೆಲ್ಟನ್ನು, ಅದು ತಿರುಗಿದ್ದು ಕಡಿಮೆಯಾದರೂ, ಒಣಗಿದ್ದು ಸಾಕೆಂದು ಬದಲಿಸಿದಳು. ಟೈರಿನ ಪಕ್ಕೆಯ ಮೇಲೆ ಅದು ಹುಟ್ಟಿದ ವಾರ ಮತ್ತು ವರ್ಷ ಅಚ್ಚಾಗಿರುತ್ತದಲ್ಲ, ಅದನ್ನು ಓದಿ, ಗೆರೆ ಸವೆಯದಿದ್ದರೂ ಹಳೆಯದನ್ನು ತೆಗೆದಳು. ಟ್ಯಾಂಕು ಖಾಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆಂದು ಸದಾ ತುಂಬಿಸಿಡುತ್ತಿದ್ದಳು. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಧಾರವಾಡದವರೆಗೆ ಹೋಗಿ ಬರುತ್ತಿದ್ದಳು. ಎಂಜಿನ್ನು ಪೂರ್ತಿ ಕಾದು, ಒಳಗಿನ ನೀರೆಲ್ಲ ಆವಿಯಾಗಬೇಕು ಎಂಬುದಕ್ಕೆ. ಹಿಂದಿರುಗುವಾಗ ಒಂದು ಪೊಟ್ಟಣ ಪೇಢೆ. ಅದು ಎಂಜಿನ್ನಿಗಲ್ಲ.

ಇನ್ನು ಪೆಡಲುಗಳ ವಿಷಯ. ಈ ಪತ್ರದ ಜೀವ ಇರುವುದು ಇಲ್ಲಿ. ಕ್ಲಚ್ಚಿಗೂ ಬ್ರೇಕಿಗೂ ಒಳಗೆ ರಬ್ಬರಿನ ಸೀಲುಗಳಿರುತ್ತವೆ. ದಿನಾ ಅಲುಗಾಡಿಸದಿದ್ದರೆ ಅವು ಒಣಗಿ ಅಂಟಿಕೊಳ್ಳುತ್ತವೆ. ಮುತ್ತಜ್ಜಿ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಶಿವನ ಅಷ್ಟೋತ್ತರ ಹೇಳುವವಳು. ಒಂದು ದಿನ ಅವಳಿಗೆ ಹೊಳೆಯಿತು, ಕೂತು ಹೇಳುವುದನ್ನು ಕಾರಿನಲ್ಲೇ ಕೂತು ಹೇಳಿದರಾಯಿತು. ಅಂದಿನಿಂದ ಎಂಜಿನ್ನು ಹಚ್ಚದೆ, ಬರಿಗಾಲಿನಲ್ಲಿ, ಒಂದೊಂದು ಹೆಸರಿಗೆ ಒಂದೊಂದು ಸಲ ಎಡಗಾಲಿನಿಂದ ಕ್ಲಚ್ಚು, ಬಲಗಾಲಿನಿಂದ ಬ್ರೇಕು. ಪೆಡಲುಗಳ ಮೇಲಿನ ರಬ್ಬರು ಸವೆಯುತ್ತ ಬಂತು. ಎಲ್ಲವನ್ನೂ ಹೊಸದು ಮಾಡಿದವಳು ಅದನ್ನು ಮಾತ್ರ ಬದಲಿಸಲಿಲ್ಲ. ಜಪದ ಮಣಿಯನ್ನು ಯಾರು ಬದಲಿಸುತ್ತಾರೆ? ಅವಳ ಓರಗಿತ್ತಿ ಬಂದವರೆದುರು ಹಾಸ್ಯ ಮಾಡುತ್ತಿದ್ದಳಂತೆ: “ಎಲ್ಲಾರೂ ಮಣಿ ಎಣಸ್ತಾರ, ನಮ್ಮಾಕಿ ಪೆಡಲ್ ತುಳೀತಾಳ.”

ಗಾಣಿಗೇರರೇ, ನಿಮ್ಮ ಮನೆಗೂ ನಮ್ಮ ಶೆಡ್ಡಿಗೂ ನಡುವೆ ಎದೆಮಟ್ಟದ ಒಂದು ಗೋಡೆಯಿತ್ತು. ದಿನಾ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಆ ಗೋಡೆಗೆ ಆತು ನಿಲ್ಲುತ್ತಿದ್ದಿರಿ. ನಿಂತ ಕಾರಿನಲ್ಲಿ ಕೂತವಳನ್ನು ನೋಡಿ, “ಏನ್ರೀ ಡಾಕ್ಟರಮ್ಮ, ಇವತ್ತ ಎಲ್ಲಿ ತನಕ ಹೋಗಿದ್ರಿ?” ಎಂದು ಕೇಳುತ್ತಿದ್ದಿರಿ. ಅವಳು ಉತ್ತರಿಸುತ್ತಿದ್ದಳು: “ಕೈಲಾಸಕ್ಕ ಹೋಗಿ ಬಂದೆ ಬಸಣ್ಣ. ನಿಂಬಿಹಣ್ಣಿನ ಮ್ಯಾಲೆ ಓಡಾಡೋರಿಗೆ ಆ ದಾರಿ ತಿಳಿಯೂದಿಲ್ಲ.” ಈ ಮಾತಿಗೆ ನೀವಿಬ್ಬರೂ ನಗುತ್ತಿದ್ದುದನ್ನು ನನ್ನ ಅಜ್ಜಿ, ಅಂದರೆ ಅವಳ ಮಗಳು ಸುವರ್ಣಾ, ಅಡಿಗೆಮನೆಯ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದಾಳೆ.

ನಿಂಬೆಹಣ್ಣಿನ ಮಾತು ಇಟಗಿಯವರಿಗೆ ತಗಲುವಂಥದ್ದು. ಇಟಗಿಯವರೇ, ನಿಮ್ಮ ಕಾರೂ ಅದೇ ಕಾಲದ್ದು, ಇನ್ನೂ ಬೆಲೆಯದು. ನೀವು ಅದನ್ನು ಗಾಜಿನ ಕೋಣೆಯಲ್ಲಿಟ್ಟು ಏಸಿ ಹಾಕಿಸಿದ್ದಿರಿ. ನೋಡಲು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡಬೇಕಿತ್ತು, ಕೈ ಹಿಂದೆ ಕಟ್ಟಿಕೊಳ್ಳಬೇಕಿತ್ತು. ಬಳಗದವರು ಅದಕ್ಕೆ ಮಡಿ ಗಾಡಿ ಎಂದು ಹೆಸರಿಟ್ಟಿದ್ದರು, ನಿಮಗೆ ಅದು ಹೆಮ್ಮೆ. ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಅದನ್ನು ಸ್ಟಾರ್ಟ್ ಮಾಡಿ, ಆರತಿ ಮುಗಿಯುವವರೆಗೆ ಬಿಟ್ಟು, ನಾಲ್ಕು ಚಕ್ರದಡಿಯ ನಾಲ್ಕು ನಿಂಬೆಹಣ್ಣು ಒಡೆಯುವಷ್ಟು ಮುಂದೆ ಸರಿಸಿ, ಮತ್ತೆ ಗಾಜಿನೊಳಗೆ ತಳ್ಳಿಸುತ್ತಿದ್ದಿರಿ. ಹೀಗೆ ಅರ್ಧ ಕಾದು ಆರಿದ ಎಂಜಿನ್ನಿನೊಳಗೆ ಬೆವರು ಇಳಿಯುತ್ತದೆ, ಆ ಬೆವರು ಎಣ್ಣೆಗೆ ಸೇರಿ ಉಕ್ಕನ್ನು ತಿನ್ನುತ್ತದೆ. ಭಕ್ತಿಯಿಂದ ವರ್ಷಕ್ಕೊಂದು ಗುಟುಕು ವಿಷ ಹಾಕಿದಂತೆ. ಬಳಗದ ಒಂದು ಚಹಾಕೂಟದಲ್ಲಿ ನೀವು ಮಡಿ ಗಾಡಿಯ ಮಹಿಮೆ ಹೇಳುತ್ತಿದ್ದಾಗ ಮುತ್ತಜ್ಜಿ ತನ್ನ ಕಸುಬಿನ ಮಾತಿನಲ್ಲೇ ಉತ್ತರ ಕೊಟ್ಟಳು: “ಸತ್ತವರ ಹಲ್ಲು ಹುಳುಕಾಗೂದಿಲ್ಲ, ಖರೆ ಇಟಗಿಯವರ. ಆದ್ರ ಆ ಹಲ್ಲಿನಿಂದ ರೊಟ್ಟಿ ಕಡಿಯಾಕ ಬರೂದಿಲ್ಲ.” ಎಲ್ಲರೂ ನಕ್ಕರು, ನೀವೊಬ್ಬರು ನಗಲಿಲ್ಲ. ಆ ನಗುವಿನ ಬಡ್ಡಿಯನ್ನು ದೀಪಾವಳಿಯ ಮರುವಾರ ತೀರಿಸಿಕೊಂಡಿರಿ.

ಆ ರವಿವಾರ ಪ್ರದರ್ಶನಕ್ಕೆ ಮುತ್ತಜ್ಜಿ ತನ್ನ ಕಾರನ್ನು ಓಡಿಸಿಕೊಂಡು ಬಂದಳು. ನಿಮ್ಮದು ಲಾರಿಯ ಮೇಲೆ ಬಂತು. ಕಡಿಮೆ ಓಡಿ ಚೆನ್ನಾಗಿ ಉಳಿದ ಗಾಡಿಗೆ ಬಹುಮಾನ ಎಂದು ಬೋರ್ಡಿತ್ತು. ಪುಣೆಯಿಂದ ಬಂದ ಪರೀಕ್ಷಕರು ಬದನಿಕಾಯಿಯ ಬಾನೆಟ್ಟು ತೆಗೆದು ನೋಡಿದರು. ಹೊಸ ಟೈರು, ಹೊಸ ಬೆಲ್ಟು, ಹೊಸ ಪೈಪುಗಳು, ಮೀಟರಿನಲ್ಲಿ ಹನ್ನೊಂದು ಸಾವಿರ ಚಿಲ್ಲರೆ. ಅವರು ಮಂಡಿಯೂರಿ ಒಳಗೆ ಟಾರ್ಚು ಬಿಟ್ಟರು. ಕ್ಲಚ್ಚಿನ ರಬ್ಬರು ಕಬ್ಬಿಣ ಕಾಣುವಷ್ಟು ಸವೆದಿತ್ತು, ಬ್ರೇಕಿನದೂ ಹಾಗೇ. ಇಷ್ಟು ಸವೆಯಬೇಕಾದರೆ ಗಾಡಿ ಲಕ್ಷ ದಾಟಿರಬೇಕು ಎಂದು ಅವರು ನಿಮ್ಮ ಕಿವಿಯಲ್ಲಿ ಹೇಳಿದರು. ಅವರು ಹೊರಗಿನವರು, ಸರಿಯೋ ತಪ್ಪೋ ತಮಗೆ ತೋಚಿದ್ದು ಹೇಳಿದರು. ನೀವು ಕೇಳಿ ತಿಳಿಯಬಹುದಿತ್ತು. ಕೇಳದೆ ಮೈಕು ತೆಗೆದುಕೊಂಡಿರಿ.

“ಡಾಕ್ಟರಮ್ಮಾರು ಮಂದಿಗೆ ಹಲ್ಲ ಕಟ್ಟಿಸಿದಂಗ ಗಾಡಿಗೆ ಮೀಟರೂ ಕಟ್ಟಿಸ್ಯಾರ,” ಎಂದಿರಿ. ಅಂಗಳವೆಲ್ಲ ನಕ್ಕಿತು.

ಮುತ್ತಜ್ಜಿ ದನಿ ಏರಿಸಲಿಲ್ಲ. “ಎರಡು ನೋಡೀರಿ. ಮೂರನೇದ್ದೂ ನೋಡ್ರಿ,” ಎಂದಳು. ಮೂರನೆಯದು ಆಕ್ಸಿಲರೇಟರು. ಎಂಜಿನ್ನು ಹಚ್ಚದೆ ತುಳಿಯುವವಳಿಗೆ ಅದರ ಕೆಲಸವೇ ಇರಲಿಲ್ಲ, ಹಾಗಾಗಿ ಅದರ ಅಚ್ಚಿನ ಗೆರೆಗಳು ಕಾರ್ಖಾನೆಯಿಂದ ಬಂದಂತೆಯೇ ಇದ್ದವು. ಲಕ್ಷ ಓಡಿದ ಗಾಡಿ ಆಕ್ಸಿಲರೇಟರು ತುಳಿಯದೆ ಓಡಿತೇ? ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು, ಆದರೆ ಯಾರೂ ಬಗ್ಗಲಿಲ್ಲ. ಆಗ ಅವಳು ನಿಮ್ಮ ಕಡೆ ತಿರುಗಿದಳು, ಗಾಣಿಗೇರರೇ.

“ಬಸಣ್ಣ, ನೀವರ ಹೇಳ್ರಿ.”

ನೀವು ಮೈಕಿನ ವೈರು ಸುತ್ತುತ್ತ ನಿಂತಿರಿ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಿರಿ. ಪಕ್ಕದಲ್ಲಿ ನಿಂತಿದ್ದ ನನ್ನ ಅಜ್ಜಿ ನಿಮ್ಮ ಬೆರಳುಗಳನ್ನೇ ನೋಡುತ್ತಿದ್ದಳು. ತೊಂಬತ್ತು ದಾಟಿ ಎಲ್ಲರ ಹೆಸರು ಮರೆತಾಗಲೂ ಅವಳು ಆ ಬೆರಳುಗಳನ್ನು ಮರೆತಿರಲಿಲ್ಲ. ಬಹುಮಾನ ಮಡಿ ಗಾಡಿಗೆ ಹೋಯಿತು, ಮಡಿ ಗಾಡಿ ಮತ್ತೆ ಲಾರಿ ಹತ್ತಿತು. ಮುತ್ತಜ್ಜಿಯ ಹೆಸರನ್ನು ಬಳಗದಿಂದ ತೆಗೆದಿರೆಂದು ಮರುದಿನ ಪತ್ರಿಕೆಯಲ್ಲಿ ಬಂತು. ವಾರ ಕಳೆಯುವುದರೊಳಗೆ ಊರು ಅವಳನ್ನು ಮೀಟರ್ ಡಾಕ್ಟರ್ ಎನ್ನತೊಡಗಿತು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರೂ ಕೇಳುತ್ತಿದ್ದರಂತೆ, ಇದು ನನ್ನದೇ ಹಲ್ಲು ಹೌದಲ್ಲ ಎಂದು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಕಾರಿನಲ್ಲಿ ಕೂತು ಅಷ್ಟೋತ್ತರ ಹೇಳಿದಳು. ಗೋಡೆಯ ಬಳಿ ನೀವು ಬರಲಿಲ್ಲ. ಆದರೆ ಅಂದಿನಿಂದ ಒಂದು ಬದಲಾವಣೆಯಾಯಿತು. ಬಾಗಿಲಿನ ತಿರುಗಣಿಯಿಂದ ಹಿಡಿದು ಮುಚ್ಚಳದ ಕೀಲಿನವರೆಗೆ ಎಲ್ಲಕ್ಕೂ ಹನಿಹನಿಯಾಗಿ ಎಣ್ಣೆ ಬಿಡುತ್ತಿದ್ದವಳು ಬ್ರೇಕ್ ಪೆಡಲಿನ ಕೀಲಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದಳು. ಮೊದಲು ಸಣ್ಣಗೆ, ಆಮೇಲೆ ಗಟ್ಟಿಯಾಗಿ, ಅದು ಕಿರ್ರೆನ್ನತೊಡಗಿತು. ಶಿವನ ಒಂದೊಂದು ಹೆಸರಿಗೂ ಒಂದೊಂದು ಕಿರ್ರು. ಅಜ್ಜಿ ಎಣ್ಣೆಯ ಡಬ್ಬಿ ತಂದಾಗ ಅವಳು ಕೈ ಅಡ್ಡ ಹಿಡಿದು, “ಇರಲಿ ಬಿಡು. ಅದು ಗ್ವಾಡಿ ಆಚೆಯವರಿಗೆ,” ಎಂದಳು. ಗಾಣಿಗೇರರೇ, ನಿಮ್ಮ ಚಹಾದ ಹೊತ್ತಿಗೆ ಸರಿಯಾಗಿ ಬರುವ ಆ ಸದ್ದು ಕೀಲಿನ ದೋಷವಲ್ಲ.

ಅವಳ ನಂತರ ಅಜ್ಜಿ ತುಳಿದಳು, ಅಜ್ಜಿಯ ನಂತರ ಅಮ್ಮ, ಈಗ ನಾನು. ನಂಬಿಕೆ ಬೇರೆಬೇರೆ. ನನ್ನ ಅಮ್ಮ ದೇವರನ್ನು ಒಪ್ಪುತ್ತಿರಲಿಲ್ಲ, ಆದರೂ ಅಷ್ಟೋತ್ತರ ತಪ್ಪಿಸಲಿಲ್ಲ, ಪೆಡಲು ಎಣಿಸಲು ಬೇರೆ ಲೆಕ್ಕ ಅವಳಿಗೆ ಬರುತ್ತಿರಲಿಲ್ಲ. ಕೀಲು ಈಗಲೂ ಕಿರ್ರೆನ್ನುತ್ತದೆ. ಎಂಜಿನ್ನು ಮೊದಲ ಸಲಕ್ಕೇ ಹೊತ್ತಿಕೊಳ್ಳುತ್ತದೆ. ಇಡೀ ಜಿಲ್ಲೆಯಲ್ಲಿ ಉಸಿರಾಡುವ ಪೆಟ್ರೋಲ್ ಕಾರು ಇದೊಂದೇ.

ನಿಮ್ಮದರ ಗತಿಯನ್ನೂ ಕೇಳಿ, ಇಟಗಿಯವರೇ. ಇದನ್ನು ಹೇಳಲು ನನಗೆ ಸಂತೋಷವಿದೆ, ಮುಚ್ಚಿಡುವುದಿಲ್ಲ. ನಿಮ್ಮ ನಂತರ ಗಾಜಿನ ಕೋಣೆ ತೆಗೆದಾಗ ಎಂಜಿನ್ನು ಒಂದೇ ಉಂಡೆಯಾಗಿ ಬಿಗಿದಿತ್ತು, ಟ್ಯಾಂಕಿನ ತಳ ಕೈಯಲ್ಲಿ ಉದುರಿತು. ಹೊರಗಿನ ಬಣ್ಣ ಮಾತ್ರ ಕನ್ನಡಿಯಂತಿತ್ತು. ಅದು ಈಗ ವಸ್ತುಶಾಲೆಯಲ್ಲಿದೆ. ಮುಟ್ಟದೆ ಇಟ್ಟರೆ ವಸ್ತು ಹೇಗೆ ಸಾಯುತ್ತದೆ ಎಂದು ಮಕ್ಕಳಿಗೆ ಅದನ್ನು ತೋರಿಸುತ್ತಾರೆ. ನಿಮ್ಮ ಹೆಸರೂ ಉಳಿದಿದೆ. ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆ ಮಡಿಕೆಯಲ್ಲಿ ಹರಿದರೆ, ಹಬ್ಬಕ್ಕೆಂದು ಎತ್ತಿಟ್ಟ ತುಪ್ಪ ಕಮಟಾದರೆ, ನಮ್ಮ ಊರಿನಲ್ಲಿ ‘ಇಟಗಿಯಾಯಿತು’ ಎನ್ನುತ್ತಾರೆ. ಆ ಮಾತನ್ನು ಹುಟ್ಟಿಸಿದವಳು ನನ್ನ ಅಜ್ಜಿ. ಊರೂರಿಗೆ ಹರಡಿದವಳು ನಾನು, ಬರೆದಲ್ಲೆಲ್ಲ ಬಳಸಿದೆ. ಈಗ ಅದು ನಿಘಂಟಿನಲ್ಲಿದೆ. ಅದನ್ನು ಹಿಂತೆಗೆದುಕೊಳ್ಳುವ ಶಕ್ತಿ ನನಗಿಲ್ಲ, ಇದ್ದಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ.

ಇಷ್ಟು ಸೇಡು ಸಾಕಿತ್ತು. ಈ ಯುಗಾದಿಗೆ ಬದನಿಕಾಯಿಯನ್ನು ಕರಗುಮನೆಗೆ ಒಪ್ಪಿಸಬೇಕೆಂಬ ನೋಟಿಸು ಬಾರದಿದ್ದರೆ ನಾನು ಹಿಂದಂಚೆಯ ಹಕ್ಕನ್ನು ಮುಟ್ಟುತ್ತಲೂ ಇರಲಿಲ್ಲ. ಹಳೆಯ ಲೋಹವನ್ನೆಲ್ಲ ಈಗ ಕರಗಿಸುತ್ತಾರೆ. ವಸ್ತುಶಾಲೆಯ ಹೊರಗೆ ಜಿಲ್ಲೆಗೆ ಒಂದು ಗಾಡಿಗೆ ಮಾತ್ರ ವಿನಾಯಿತಿ. ಅದನ್ನು ಸಾಕ್ಷಿಗಾಡಿ ಎನ್ನುತ್ತಾರೆ, ವರ್ಷಕ್ಕೊಂದು ದಿನ ಅದು ರಸ್ತೆಗಿಳಿಯಬಹುದು, ಮಕ್ಕಳು ಅದರ ಸದ್ದು ಕೇಳಬಹುದು. ಆದರೆ ಸಾಕ್ಷಿಗಾಡಿಯ ಮೇಲೆ ಮೋಸದ ಮಾತು ಇರಕೂಡದು. ಸರಕಾರಿ ದಾಖಲೆಯಲ್ಲಿ ನಮ್ಮ ಕಾರಿನ ಹೆಸರಿನ ಮುಂದೆ ನಿಮ್ಮ ಬಳಗದ ತೀರ್ಮಾನ ಹಾಗೆಯೇ ಕೂತಿದೆ. ಪರೀಕ್ಷೆಗೆ ಬಂದ ಅಧಿಕಾರಿ ಒಳ್ಳೆಯ ಹುಡುಗಿ. ಮೂರೂ ಪೆಡಲುಗಳನ್ನು ಬಗ್ಗಿ ನೋಡಿದವರಲ್ಲಿ ಅವಳೇ ಮೊದಲನೆಯವಳು. ಎದ್ದು ನಿಂತು ಕೈ ಒರೆಸಿಕೊಂಡು ಹೇಳಿದಳು: “ಖರೆ ಏನಂತ ನನಗ ಕಂಡೇತಿ, ಅಜ್ಜಿ. ಆದ್ರ ನಾ ಅಳಿಸಾಕ ಬರೂದಿಲ್ಲ. ಅಂದವರ ಅಳಿಸಬೇಕು.” ನಮ್ಮ ಕಾನೂನು ಹಾಗಿದೆ. ಹತ್ತು ಮಂದಿಯೆದುರು ಆಡಿದ ಮಾತನ್ನು ಆಡಿದವರೇ, ಬದುಕಿರುವಾಗಲೇ, ಹತ್ತು ಮಂದಿಯೆದುರೇ ಹಿಂತೆಗೆಯಬೇಕು. ಒಬ್ಬರು ಹಿಂತೆಗೆದರೂ ಸಾಕು. ನನ್ನ ಕಾಲದಲ್ಲಿ ನೀವು ಯಾರೂ ಬದುಕಿಲ್ಲ. ನಿಮ್ಮ ಕಾಲದಲ್ಲಿ ಎಲ್ಲರೂ ಬದುಕಿದ್ದೀರಿ, ಅವಳೂ ಬದುಕಿದ್ದಾಳೆ.

ಆದ್ದರಿಂದ ಕೇಳಿ. ಈ ಪತ್ರ ಓದಿದ ಮರುದಿನ ಬೆಳಿಗ್ಗೆ ಆ ಕಿರ್ರೆನ್ನುವ ಸದ್ದು ಬರುವ ಶೆಡ್ಡಿಗೆ ಹೋಗಿ. ಅವಳು ಚಹಾ ಕೊಡಲಾರಳು, ಕೂಡ್ರಿ ಎನ್ನಲಾರಳು, ಅದನ್ನು ನಿರೀಕ್ಷಿಸಬೇಡಿ. ಕ್ಷಮೆ ಕೇಳಬೇಡಿ, ಅದು ಅವಳ ಬಳಿ ಇದ್ದೀತು, ನನ್ನ ಬಳಿಯಂತೂ ಇಲ್ಲ. ಬಗ್ಗಿ ನೋಡಿ. ಇಟಗಿಯವರು ಬರದಿದ್ದರೆ ಅವರು ತಮ್ಮ ಗಾಜಿನೊಳಗೆ ಇರಲಿ. ಗಾಣಿಗೇರರೇ, ನೀವು ಬನ್ನಿ, ನಿಮ್ಮ ಮನೆಯಿಂದ ಗೋಡೆ ದಾಟಿದರೆ ಸಾಕು. ಆಮೇಲೆ ಅದೇ ಕಲ್ಯಾಣ ಮಂಟಪದ ಅಂಗಳದಲ್ಲಿ, ಅದೇ ಬಳಗದವರನ್ನು ಸೇರಿಸಿ, ಅಂದು ಸುತ್ತಿಟ್ಟ ವೈರನ್ನು ಬಿಚ್ಚಿ ಮೈಕಿಗೆ ಜೋಡಿಸಿ.

ನಾಳೆ ಬೆಳಿಗ್ಗೆ ನಾನು ಇಲ್ಲಿ ಕಾರಿನ ದಾಖಲೆ ತೆರೆಯುತ್ತೇನೆ. ನಿಮ್ಮ ಮಾತು ಅಲ್ಲಿ ಇರುತ್ತದೆ, ಇಲ್ಲವೇ ಇರುವುದಿಲ್ಲ. ನನ್ನ ಕೈಯಲ್ಲಿ ಎಣ್ಣೆಯ ಡಬ್ಬಿ ಇರುತ್ತದೆ.

ಮೂರನೆಯ ಪೆಡಲು ಸವೆದಿತ್ತೋ, ಇಲ್ಲವೋ? ನನಗೆ ಬರೆದು ಕಳಿಸಬೇಡಿ, ಅವಳ ಕಿವಿಯಲ್ಲಿ ಹೇಳಬೇಡಿ. ಮೈಕಿನಲ್ಲಿ ಹೇಳಿ.